ಜಕಾತಿ ನಾಕಾ ಹೋತು, ಬಜೆಟ್ ಉಳೀತು

ಫೆಬ್ರವರಿ, ಮಾರ್ಚ್ ಬಂತಂದ್ರೆ ಪೇಪರಿನ ಜಿಲ್ಲಾ ಪುಟದಲ್ಲಿ ಒಂದು ಸುದ್ದಿ ಖಾಯಂ: ಇಂಥ ಪುರಸಭೆಯಿಂದ ಇಷ್ಟು ಲಕ್ಷದ ಉಳಿತಾಯ ಬಜೆಟ್ ಮಂಡನೆ. ಆಫೀಸಿನ ಗೆಳೆಯನೊಬ್ಬ ಒಮ್ಮೆ ಇದನ್ನ ಓದಿ ನಕ್ಕ. "ಗಟಾರ ಕಟ್ಟಿಸಾಕ ರೊಕ್ಕ ಇಲ್ಲಂತಾರ, ಮತ್ತ ಉಳಿತಾಯ ಎಲ್ಲಿಂದ ಬಂತಲೇ?"

ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಹುಡುಕಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮೂರು ಕುಡಚಿ ಹತ್ತಿರದ ಒಂದು ಹಳ್ಳಿ. ಅಜ್ಜ ಚಕ್ಕಡಿಯಲ್ಲಿ ಬೆಲ್ಲ ಹೇರಿಕೊಂಡು ಪ್ಯಾಟಿಗೆ ಹೋಗುತ್ತಿದ್ದ ಕಾಲದಲ್ಲಿ, ಪ್ಯಾಟಿ ಬಾಯಲ್ಲೇ ಜಕಾತಿ ನಾಕಾ ಇರುತ್ತಿತ್ತು. ಗಾಡಿ ನಿಲ್ಲಿಸಬೇಕು, ಮಾಲು ತೋರಿಸಬೇಕು, ಸುಂಕ ಕಟ್ಟಿ ಪಾವತಿ ತಗೋಬೇಕು. ಇಂಗ್ಲಿಷಿನಲ್ಲಿ ಆಕ್ಟ್ರಾಯ್ ಅನ್ನೋದು ಇದಕ್ಕೇ.

ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1850ರ ಕಾಯ್ದೆಯೊಂದರ ಪ್ರಕಾರ ಊರ ಜನ ಬೇಕೆಂದರೆ ಮುನ್ಸಿಪಾಲ್ಟಿ ಮಾಡಿಕೊಳ್ಳಬಹುದಿತ್ತು. ಬೆಳಗಾವಿಗೆ ಅದು ಬಂದದ್ದು 1851ರಲ್ಲಿ. ರೊಕ್ಕ ಎತ್ತೋಕೆ ಎರಡು ದಾರಿ ಇದ್ದವು: ಒಂದು ಮನೆಪಟ್ಟಿ, ಇನ್ನೊಂದು ಜಕಾತಿ. ಮನೆಪಟ್ಟಿ ಮನೆ ಮಾಲೀಕನ ಕಿಸೆಗೇ ಕೈ ಹಾಕುತ್ತದೆ. ಜಕಾತಿ ಹಾಗಲ್ಲ, ಮಾಲಿನ ರೇಟಿನಲ್ಲಿ ಸೇರಿ ಕೊಳ್ಳುವವನ ಕಿಸೆಯಿಂದ ಸದ್ದಿಲ್ಲದೆ ಹೋಗುತ್ತದೆ. ಕಮಿಟಿಯಲ್ಲಿ ಕೂತವರು ಬಹುಪಾಲು ಆಸ್ತಿವಂತರು. ಅವರಿಗೆ ಯಾವುದು ಇಷ್ಟವಾಯಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

1882ರಲ್ಲಿ ಲಾರ್ಡ್ ರಿಪನ್ ತನ್ನ ನಿರ್ಣಯದಲ್ಲಿ, ಸ್ಥಳೀಯ ಸಂಸ್ಥೆಗಳಲ್ಲಿ ಮೂರನೇ ಎರಡರಷ್ಟು ಸದಸ್ಯರಾದರೂ ಸರ್ಕಾರಿ ನೌಕರರಲ್ಲದವರು ಇರಬೇಕೆಂದ. ಕಲೆಕ್ಟರನ ಪಟ್ಟಿಗೆ ತಲೆದೂಗುವ ಸಭೆ ನಿಧಾನಕ್ಕೆ ಬಾಯಿಬಿಡತೊಡಗಿತು. ಆದರೆ ಓಟು ಇದ್ದದ್ದು ತೆರಿಗೆ ಕಟ್ಟುವಷ್ಟು ಅನುಕೂಲ ಇದ್ದವರಿಗೆ ಮಾತ್ರ. ಜಕಾತಿಯ ಭಾರ ಹೊತ್ತ ಅಜ್ಜನಂಥವರಿಗೆ ಆ ಸಭೆಯಲ್ಲಿ ಜಾಗ ಇರಲಿಲ್ಲ.

1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1964ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಪುರಸಭೆ ಕಾಯ್ದೆ ಆಯಿತು. ದೊಡ್ಡ ಬದಲಾವಣೆ ಬಂದದ್ದು ಮಾತ್ರ 1979ರ ಏಪ್ರಿಲ್ 1ರಂದು. ದೇವರಾಜ ಅರಸು ಅವರ ಕಾಲದಲ್ಲಿ ಕರ್ನಾಟಕ ಜಕಾತಿಯನ್ನೇ ತೆಗೆದುಹಾಕಿತು. ಗಾಡಿ ನಿಲ್ಲೋದು ತಪ್ಪಿತು, ನಾಕಾದ ಕಿರಿಕಿರಿ ತಪ್ಪಿತು, ಜನರಿಗೆ ಖುಷಿಯಾಯಿತು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಅದು ಬಹಳ ವರ್ಷ ಉಳಿಯಿತು. ಮುಂಬಯಿಯಲ್ಲಂತೂ 2017ರ ಜಿಎಸ್‌ಟಿ ಬಂದ ಮೇಲೇ ನಿಂತದ್ದು.

ಆದರೆ ನಾಕಾ ಜೊತೆ ಇನ್ನೊಂದೂ ಹೋಯಿತು. ಊರು ತಾನೇ ಗಳಿಸಿದ ದಿನದ ರೊಕ್ಕ. ಅದರ ಬದಲು ಬೆಂಗಳೂರಿನಿಂದ ಅನುದಾನ ಬರತೊಡಗಿತು. ಇವತ್ತು ಕುಡಚಿಯಂಥ ಪುರಸಭೆಯ ಬಜೆಟ್ ಬಿಚ್ಚಿದರೆ, ಬರುವ ರೊಕ್ಕದ ಬಹುಪಾಲಿಗೆ ಮೊದಲೇ ಹೆಸರು ಬರೆದಿರುತ್ತದೆ. ಸಂಬಳಕ್ಕೆ ಇಷ್ಟು, ಕರೆಂಟ್ ಬಿಲ್ಲಿಗೆ ಇಷ್ಟು. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021ರಿಂದ 2026ರ ಮಾರ್ಚ್‌ವರೆಗೆ ಶೇ 60ರಷ್ಟು ನೀರು, ನೈರ್ಮಲ್ಯಕ್ಕೇ ಹೋಗಬೇಕಿತ್ತು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಬೇರೆ ಮೀಸಲು. ಇವು ಇರಬೇಕಾದ್ದೇ, ತಕರಾರಿಲ್ಲ. ಆದರೆ ಇಷ್ಟಾದ ಮೇಲೆ ಸದಸ್ಯರು ನಿಜವಾಗಿ ಚರ್ಚೆ ಮಾಡಬಹುದಾದ ರೊಕ್ಕ ಉಳಿಯೋದು ತಮ್ಮ ಸ್ವಂತ ಆದಾಯದಲ್ಲಿ ಮಾತ್ರ: ಆಸ್ತಿ ತೆರಿಗೆ, ನೀರಿನ ಕರ, ಅಂಗಡಿ ಬಾಡಿಗೆ, ಲೈಸೆನ್ಸ್ ಫೀ.

ಆ "ಉಳಿತಾಯ"ದ ಗುಟ್ಟೂ ಇಲ್ಲೇ ಇದೆ. ರಾಜ್ಯ ಸರ್ಕಾರದ ಹಾಗೆ ಪುರಸಭೆ ಸಾಲ ಎತ್ತಿ ಕೊರತೆ ತುಂಬಲಾರದು, ಸಾಲಕ್ಕೂ ಸರ್ಕಾರದ ಒಪ್ಪಿಗೆ ಬೇಕು. ಹಾಗಾಗಿ ಹಿಂದಿನ ವರ್ಷ ಖರ್ಚಾಗದೆ ಉಳಿದದ್ದನ್ನು ಆರಂಭಿಕ ಶಿಲ್ಕು ಅಂತ ಕೂಡಿಸಿ, ಲೆಕ್ಕ ಸರಿದೂಗಿಸಿ, ಕೊನೆಗೆ ಒಂದಿಷ್ಟು ಉಳಿಸಿ ತೋರಿಸುತ್ತಾರೆ. ಉಳಿತಾಯ ಅಂದ್ರೆ ಶ್ರೀಮಂತಿಕೆ ಅಲ್ಲ, ಬಹಳ ಸಲ ಆಗದೆ ಉಳಿದ ಕೆಲಸ.

2002ರಿಂದ ಆಸ್ತಿ ತೆರಿಗೆಯನ್ನು ನಾವೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ ಬಂತು. 2006ರ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಪ್ರಕಾರ ಬಜೆಟ್ ತಯಾರಿಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳಬೇಕು. ಅಜ್ಜನಿಗೆ ಸಿಗದ ಜಾಗ ನಮಗೆ ಸಿಕ್ಕಿದೆ. ಆದರೆ ಹೋಗಿ ಕೂರೋರು ಯಾರು?

ಕಳೆದ ಸಲ ಫೋನ್ ಮಾಡಿ ಅಪ್ಪನಿಗೆ ಹೇಳಿದೆ, ಸಭೆಗೆ ಹೋಗಿ ಗಟಾರದ ಬಗ್ಗೆ ಕೇಳಪಾ ಅಂತ. ಅಪ್ಪ ಅಂದ: "ಕುಡಚ್ಯಾಗಿನ ಮನಿ ಪಟ್ಟಿ ಮೂರು ವರ್ಷದ್ದು ಬಾಕಿ ಐತಿ. ನಾ ಕಟ್ತೀನಿ ಅಂದಾಂವ ನೀನ. ಪಟ್ಟಿ ಕಟ್ಟದ ಯಾವ ಬಾಯಿಲೆ ಕೇಳ್ಲಿ?"

ಬೆಂಗಳೂರಿನ ಫ್ಲಾಟಿನ ತೆರಿಗೆಯನ್ನು ಶೇ 5ರ ರಿಯಾಯಿತಿಗೋಸ್ಕರ ಏಪ್ರಿಲ್ ಮೊದಲ ವಾರವೇ ಕಟ್ಟುವ ಮನುಷ್ಯ ನಾನು. ಉತ್ತರ ಹೊಳೆಯಲಿಲ್ಲ. ಅವತ್ತೇ ರಾತ್ರಿ ಬಾಕಿ ಪೂರ್ತಿ ಲೆಕ್ಕ ಹಾಕಿ ಅಪ್ಪನಿಗೆ ರೊಕ್ಕ ಕಳಿಸಿದೆ.

ನಿಮ್ಮೂರಿನ ಪುರಸಭೆಯ ಬಜೆಟ್ ಪ್ರತಿ ಸಿಕ್ಕರೆ ಮುಂದಿನ ವರ್ಷದ ಅಂದಾಜು ಆಮೇಲೆ ನೋಡ್ರಿ. ಮೊದಲು ಅದರ ಪಕ್ಕದ ಕಾಲಂ ನೋಡ್ರಿ, ಹಿಂದಿನ ವರ್ಷ ನಿಜವಾಗಿ ಖರ್ಚಾದದ್ದು ಎಷ್ಟು ಅಂತ. ಕೇಳಬೇಕಾದ ಪ್ರಶ್ನೆ ಅಲ್ಲೇ ಇರುತ್ತದೆ. ಅದಕ್ಕೂ ಮೊದಲು, ಊರ ಮನೆಯ ಪಟ್ಟಿ ಪಾವತಿ ಎಲ್ಲಿದೆ ಅಂತ ಒಮ್ಮೆ ಮನೆಗೆ ಫೋನ್ ಮಾಡಿ ಕೇಳ್ರಿ.