ಸೀಟಿಗೊಂದು ಸಂದರ್ಶನ, ಹತ್ತು ಬಾಗಿಲು

ಸಿಇಟಿ ರ‍್ಯಾಂಕ್ ಹಿಡಿದು ಕಾಲೇಜು ಸೇರಿದ ನಮ್ಮಂಥವರಿಗೆ ಸೀಟಿಗೂ ಸಂದರ್ಶನ ಇತ್ತು ಅಂದ್ರೆ ನಂಬೋದು ಕಷ್ಟ. ಇತ್ತು ಕಣ್ರೀ. 1963ರಲ್ಲಿ ಮೈಸೂರು ರಾಜ್ಯ ಸರ್ಕಾರ ಮೆಡಿಕಲ್, ಇಂಜಿನಿಯರಿಂಗ್ ಸೀಟುಗಳಿಗೆ ಸಂದರ್ಶನ ಇಟ್ಟಿತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟು ಅದಕ್ಕೆ. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟ, ನಾಟಕ ಎಲ್ಲವೂ ಲೆಕ್ಕಕ್ಕಿತ್ತು. 1964ರಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು.

ಗುಮಾನಿ ಮಾತ್ರ ಹೋಗಲಿಲ್ಲ. ಶ್ರೀನಗರದ ರೀಜನಲ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ಲಿಖಿತ ಪರೀಕ್ಷೆಗೆ 100 ಅಂಕ, ಸಂದರ್ಶನಕ್ಕೆ 50. ಒಬ್ಬೊಬ್ಬರಿಗೆ ಸಿಕ್ಕಿದ್ದು ಎರಡು ಮೂರು ನಿಮಿಷ, ಅದರಲ್ಲೂ ಕೇಳಿದ್ದು ಅಪ್ಪ ಯಾರು, ಮನೆ ಎಲ್ಲಿ ಅಂತ! ಹೀಗಂತ ಅರ್ಜಿದಾರರ ದೂರು. 1980ರ ಅಜಯ್ ಹಾಸಿಯಾ ತೀರ್ಪಿನಲ್ಲಿ ಕೋರ್ಟು, ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಇಡಬೇಡಿ ಅಂದಿತು. ನಂಬಿಕೆ ಇಲ್ಲದ್ದರ ತೂಕ ಇಳಿಸಿಬಿಡೋದು, ಇದು ನಮ್ಮ ದಾರಿ.

ಕೆನಡಾದ ಹ್ಯಾಮಿಲ್ಟನ್‌ನಲ್ಲಿರೋ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನವರು ಇದೇ ರೋಗಕ್ಕೆ ಬೇರೆ ಮದ್ದು ಹುಡುಕಿದರು. ಕೆವಿನ್ ಈವಾ, ಹೆರಾಲ್ಡ್ ರೈಟರ್ ಮತ್ತು ಸಂಗಡಿಗರು 2004ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಒಂದು ಪ್ರಶ್ನೆಗೆ ಚೆನ್ನಾಗಿ ಉತ್ತರಿಸಿದವನು ಇನ್ನೊಂದಕ್ಕೆ ತಡವರಿಸಬಹುದು. ಹಾಗಾಗಿ ಒಂದೇ ಕೋಣೆಯಲ್ಲಿ ನಾಲ್ಕು ಜನ ಹಿರಿಯರನ್ನು ಕೂರಿಸಿದರೂ ಅಳೆಯೋದು ಆ ಒಂದು ಗಳಿಗೆಯನ್ನೇ. (ಒಂದೇ ಟೆಸ್ಟ್ ಕೇಸ್ ನೋಡಿ ಪ್ರೋಗ್ರಾಂ ಸರಿಯಿದೆ ಅಂತ ಯಾರಾದ್ರೂ ಹೇಳ್ತಾರಾ?) ಅದರ ಬದಲು ಹತ್ತು ಕಡೆ ಬೇರೆ ಬೇರೆ ಪರೀಕ್ಷಕರನ್ನು ಕೂರಿಸಿ. ಬಾಗಿಲಲ್ಲಿ ಅಂಟಿಸಿದ ಪ್ರಶ್ನೆ ಓದೋಕೆ ಎರಡು ನಿಮಿಷ, ಒಳಗೆ ಮಾತಾಡೋಕೆ ಎಂಟು ನಿಮಿಷ, ಆಮೇಲೆ ಮುಂದಿನ ಬಾಗಿಲು. ಹೆಸರು: ಮಲ್ಟಿಪಲ್ ಮಿನಿ ಇಂಟರ್‌ವ್ಯೂ. ಸುತ್ತು ಹಾಕಿಸೋ ಉಪಾಯ ಮಾತ್ರ ಹಳೇದು. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ 1975ರಷ್ಟು ಹಿಂದೆಯೇ ವೈದ್ಯ ವಿದ್ಯಾರ್ಥಿಗಳ ಪರೀಕ್ಷೆಗೆ ಇದನ್ನು ವಿವರಿಸಿದ್ದರು.

ಪ್ರಶ್ನೆಗಳು ಹೇಗಿರ್ತವೆ ಅಂದ್ರೆ: ಒಬ್ಬ ಡಾಕ್ಟರಿಗೆ ಹೋಮಿಯೋಪತಿಯಲ್ಲಿ ನಂಬಿಕೆಯಿಲ್ಲ. ಆದರೂ ಸಣ್ಣಪುಟ್ಟ ತಲೆನೋವು, ಸುಸ್ತು ಅಂತ ಬಂದವರಿಗೆ ಸಮಾಧಾನವಾಗಲಿ ಅಂತ ಅದನ್ನೇ ಬರೆದುಕೊಡ್ತಾರೆ. ಸರಿಯೇ? ಇಲ್ಲಿ ಹೌದೋ ಅಲ್ಲವೋ ಅನ್ನೋದಕ್ಕಿಂತ ಹುಡುಗ ಯೋಚಿಸೋ ಬಗೆ ಮುಖ್ಯ.

ಬ್ರಿಟನ್, ಆಸ್ಟ್ರೇಲಿಯಾಗಳಿಗೂ ಇದು ಹಬ್ಬಿತು. ಹಿಂದೆಯೇ ಕೋಚಿಂಗ್ ಕ್ಲಾಸೂ ಬಂತು, ಬಿಡಿ!

ನನಗೆ ಹಿಡಿಸಿದ್ದು ಮಾತ್ರ ಒಂದು ಸರಳ ಲೆಕ್ಕ. ಒಂದು ಕೋಣೆಗೆ ವಶೀಲಿ ಹಚ್ಚಬಹುದು, ಹತ್ತು ಕೋಣೆಗೆ ಕಷ್ಟ. ಕರ್ನಾಟಕದಲ್ಲಿ ಆಮೇಲೆ ಸಿಇಟಿ ಬಂತು. ಈಗ ಎಂಬಿಬಿಎಸ್‌ಗೆ ನೀಟ್ ರ‍್ಯಾಂಕ್, ಸಂದರ್ಶನದ ಅಂಕ ಸೊನ್ನೆ. ಬರೆಯೋರು ಇಪ್ಪತ್ತು ಲಕ್ಷಕ್ಕೂ ಮೇಲೆ. ಅಷ್ಟು ಜನಕ್ಕೆ ಹತ್ತತ್ತು ಬಾಗಿಲು ಯಾರೂ ಕಟ್ಟಲಾರರು, ನಿಜ. ರ‍್ಯಾಂಕಿನಲ್ಲಿ ಮೇಲೆ ಬಂದವರಿಗಾದರೂ ಕಟ್ಟಿ ನೋಡಬಹುದಲ್ವಾ? ನೀವೇನಂತೀರಿ?