ಗಾರ್ಡೀನಾದ ಪೋಕರ್ ಮೇಜಿನ ಕಟ್ಟಳೆಗಳು
ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ 1911ರಲ್ಲಿ ಡ್ರಾ ಪೋಕರ್, ಅಂದರೆ ಕೈಗೆ ಬಂದ ಐದು ಎಲೆಗಳಲ್ಲಿ ಬೇಡವಾದವನ್ನು ಬದಲಿಸಿಕೊಳ್ಳುವ ಇಸ್ಪೀಟಾಟ, ಕೌಶಲದ ಆಟವೆಂದು ಅಭಿಪ್ರಾಯಪಟ್ಟ ಮೇಲೆ ಅದನ್ನು ಅನುಮತಿಸುವ ಅಧಿಕಾರ ಸ್ಥಳೀಯ ಆಡಳಿತಗಳಿಗೆ ಉಳಿಯಿತು. ಲಾಸ್ ಏಂಜಲೀಸ್ ಸಮೀಪದ ಗಾರ್ಡೀನಾ ಪಟ್ಟಣದಲ್ಲಿ 1936ರಿಂದ ಬೆಳೆದ ಕ್ಲಬ್ಬುಗಳು ಈ ಅವಕಾಶದ ಫಲ.

ಅಲ್ಲಿ ಕ್ಲಬ್ಬು ಪಣದಲ್ಲಿ ಪಾಲು ಪಡೆಯದೆ ಆಸನಕ್ಕೆ ಅರ್ಧ ಗಂಟೆಗೊಮ್ಮೆ ಬಾಡಿಗೆ ವಸೂಲು ಮಾಡುತ್ತಿತ್ತು, ಎಲೆ ಹಂಚುವ ಕೆಲಸವೂ ಸರದಿಯಂತೆ ಆಟಗಾರರದೇ ಆಗಿತ್ತು. ಆದ್ದರಿಂದ ಮೇಜಿನ ಶಿಸ್ತು ಬಹುಮಟ್ಟಿಗೆ ಕುಳಿತವರ ನಡತೆಯನ್ನೇ ಅವಲಂಬಿಸಿತ್ತೆಂಬುದು ಈ ಇತಿಹಾಸದ ಅತ್ಯಂತ ಗೌರವಾರ್ಹ ಸಂಗತಿ.

ಪೋಕರ್ ಕೋಣೆಗಳ ಕಟ್ಟಳೆಗಳಲ್ಲಿ ಮುಖ್ಯವಾದುದು ‘ಟೇಬಲ್ ಸ್ಟೇಕ್ಸ್’: ಆಟದ ಒಂದು ಸುತ್ತು ಆರಂಭವಾದಾಗ ಮೇಜಿನ ಮೇಲಿರುವಷ್ಟರೊಳಗೇ ಪಣವೊಡ್ಡಬೇಕು, ನಡುವೆ ಜೇಬಿಗೆ ಕೈಹಾಕುವಂತಿಲ್ಲ, ಹಣ ಸಾಲದವನು ಇದ್ದುದನ್ನೆಲ್ಲ ಇಟ್ಟು ಆ ಮೊತ್ತದ ಮಟ್ಟಿಗೆ ಸ್ಪರ್ಧೆಯಲ್ಲಿ ಉಳಿಯಬಹುದು. ಸಿರಿವಂತನು ಕೇವಲ ಥೈಲಿಯ ಬಲದಿಂದ ಬಡವನನ್ನು ಹೊರದಬ್ಬದಂತೆ ತಡೆದ ಈ ನಿಯಮ ನಿಜಕ್ಕೂ ನ್ಯಾಯವಾದುದು. ಪಣದ ಬಿಲ್ಲೆಗಳನ್ನು ಕಂತಿನಲ್ಲಿ ಮುಂದಿಡುತ್ತ ಎದುರಾಳಿಯ ಮುಖಭಾವ ನೋಡಿ ಪಣವೇರಿಸುವ ‘ಸ್ಟ್ರಿಂಗ್ ಬೆಟ್’ ಕೂಡ ಇದೇ ನ್ಯಾಯಬುದ್ಧಿಯಿಂದ ನಿಷಿದ್ಧವಾಯಿತು. ಸರದಿಯಲ್ಲಿ ಬಾಯಿಬಿಟ್ಟು ಹೇಳಿದ ಮೊತ್ತ ಹೇಳಿದವನನ್ನು ಕಟ್ಟಿಹಾಕುತ್ತದೆ.

1980ರ ದಶಕದ ಕೊನೆಯಲ್ಲಿ ಹೋಲ್ಡೆಮ್ ಎಂಬ ಪೋಕರ್ ಪ್ರಕಾರವೂ ಕ್ಯಾಲಿಫೋರ್ನಿಯಾದಲ್ಲಿ ಕಾನೂನುಬದ್ಧವಾದಾಗ, ಎಲೆ ಹಂಚುವ ಕೆಲಸ ಕ್ಲಬ್ಬಿನ ನೌಕರರ ಕೈಸೇರಿತು.