ಕಳಚಬಹುದಾದ ಭಾರ, ಕಳಚಲಾಗದ ಭಾರ: 1800ರ ಡಂಬಳ ಮತ್ತು ಟೈಗರ್ ಟ್ಯಾಂಕು

ವಿಜಯಪುರದ ಷೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪು ಸುಮಾರು 55 ಟನ್ ತೂಗುತ್ತದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. 1942ರಲ್ಲಿ ಯುದ್ಧಕ್ಕಿಳಿದ ಜರ್ಮನಿಯ ಟೈಗರ್ ಟ್ಯಾಂಕಿನ ತೂಕವೂ ಹೆಚ್ಚುಕಡಿಮೆ ಅಷ್ಟೇ, 57 ಟನ್. ಆದರೆ ಆ ತೋಪು ಬುರುಜಿನ ಮೇಲೆ ಕೂತೇ ತನ್ನ ಕೆಲಸ ಮಾಡಬಹುದಿತ್ತು. ಟೈಗರ್ ಮಾತ್ರ ಹೋದಲ್ಲೆಲ್ಲ ತನ್ನ ಭಾರವನ್ನು ತಾನೇ ಹೊತ್ತು ತಿರುಗಬೇಕಿತ್ತು. ಆಯುಧದ ತೂಕ ಎಷ್ಟು ಎಂಬುದಕ್ಕಿಂತ, ಬೇಡವಾದಾಗ ಆ ತೂಕವನ್ನು ಬಿಟ್ಟು ನಡೆಯಲು ಬರುತ್ತದೆಯೇ ಎಂಬ ಪ್ರಶ್ನೆಯೇ ಮುಖ್ಯ ಎಂಬುದು ಈ ಲೇಖನದ ವಾದ. ಅದಕ್ಕೆ ಆಧಾರ ಗದಗ ಸೀಮೆಯಲ್ಲಿ 1800ರ ಮಳೆಗಾಲದಲ್ಲಿ ನಡೆದ ಒಂದು ದಂಡಯಾತ್ರೆ.

ಚನ್ನಗಿರಿಯ ಧೋಂಡಿಯಾ ವಾಘ್ 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿನ ಸೆರೆಯಿಂದ ಹೊರಬಂದವನು. ಅವನ ಬಲವೆಲ್ಲ ಕುದುರೆಯಲ್ಲಿತ್ತು. 1800ರ ಜೂನ್ 30ರಂದು ಅವನು ಮರಾಠಾ ಸರದಾರ ಧೋಂಡೋಪಂತ ಗೋಖಲೆಯನ್ನು ಕೊಂದ. ಅವನ ಬೆನ್ನು ಹತ್ತಿದ್ದು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಡ್ಯೂಕ್ ಎನಿಸಿಕೊಂಡವನು. ಹರಿಹರದ ಬಳಿ ತುಂಗಭದ್ರೆ ದಾಟಿದ ವೆಲ್ಲೆಸ್ಲಿ ರಾಣೆಬೆನ್ನೂರು ಹಿಡಿದ. ವರದಾ ನದಿಗೆ ಸೇತುವೆ ಕಟ್ಟಲು ನಿಲ್ಲಬೇಕಾಯಿತು. ಕುಂದಗೋಳ ಬಿತ್ತು. ಲಕ್ಷ್ಮೇಶ್ವರವನ್ನು ಶತ್ರುಗಳು ಬಿಟ್ಟುಹೋಗಿದ್ದರು, ಶಿರಹಟ್ಟಿಗೆ ಬಿದ್ದಿದ್ದ ಮುತ್ತಿಗೆ ತೆರವಾಯಿತು. ಜುಲೈ 26ಕ್ಕೆ ಅವನು ಇಂದಿನ ಮುಂಡರಗಿ ತಾಲ್ಲೂಕಿನ ಡಂಬಳದ ಕೋಟೆಯ ಮುಂದಿದ್ದ.

ಕಲ್ಲಿನ ಗಟ್ಟಿ ಕೋಟೆ, ಸುತ್ತ ಒಣ ಕಂದಕ, ಒಳಗೆ ಸುಮಾರು ಸಾವಿರ ಜನ. ಗೋಡೆ ಒಡೆಯುವ ದೊಡ್ಡ ತೋಪುಗಳಿಗಾಗಿ ವೆಲ್ಲೆಸ್ಲಿ ಕಾಯಲಿಲ್ಲ. ಕುದುರೆ ದಳದಿಂದ ಕೋಟೆಯನ್ನು ಸುತ್ತುವರಿದು ಮೂರು ಕಡೆ ಏಕಕಾಲಕ್ಕೆ ಏರಿಹೋದ. ಬಾಗಿಲು ಒಡೆಯಲಾಗಲಿಲ್ಲ, ಆ ಕಡೆಯ ತುಕಡಿಯೂ ಏಣಿ ಹಾಕಿಯೇ ಒಳಹೊಕ್ಕಿತು. ಮರುದಿನ ಗದಗಿಗೆ ಬಂದಾಗ ಅಲ್ಲಿ ಶತ್ರುಗಳೇ ಇರಲಿಲ್ಲ.

ಏಣಿಯ ಆಯ್ಕೆಯನ್ನು ಬರಿಯ ಧೈರ್ಯವೆಂದು ಓದಿದರೆ ಸಾಲದು. ಆ ಕಾಲದ 24 ಪೌಂಡಿನ ಮುತ್ತಿಗೆ ತೋಪಿನ ಕೊಳವೆಯೊಂದೇ ಎರಡೂವರೆ ಟನ್ ತೂಗುತ್ತಿತ್ತು. 6 ಪೌಂಡಿನ ಹಗುರ ತೋಪಿನದು ಸುಮಾರು 300 ಕಿಲೋ. ಎರೆಹೊಲದ ಗುಣ ಗದಗಿನ ರೈತನಿಗೆ ಹೇಳಿಕೊಡಬೇಕಿಲ್ಲ: ಜುಲೈ ಮಳೆ ಬಿದ್ದ ಮೇಲೆ ಮಣ್ಣು ಗಾಲಿಗೆ ಮೆತ್ತಿಕೊಂಡು ಖಾಲಿ ಬಂಡಿಯೇ ಅಚ್ಚಿನವರೆಗೆ ಹೂತುಹೋಗುತ್ತದೆ. ವೇಗವೆಂದರೆ ಒಳ್ಳೆಯ ಎತ್ತು ಎಂಬುದು ವೆಲ್ಲೆಸ್ಲಿಗೆ ಗೊತ್ತಿತ್ತು. ಹೈದರ್ ಮತ್ತು ಟಿಪ್ಪು ಸಾಕಿ ಬೆಳೆಸಿದ ಅಮೃತಮಹಲ್ ತಳಿ 1799ರ ನಂತರ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದಿತ್ತು. ಕಾಳು ಹೊತ್ತು ತಂದವರು ಬಂಜಾರರು. ಅವರ ಹೇರೆತ್ತುಗಳು ತಡವಾದರೆ ದಂಡೂ ನಿಲ್ಲುತ್ತಿತ್ತು. ನಮ್ಮ ಯುದ್ಧಚರಿತ್ರೆಗಳಲ್ಲಿ ಅವರಿಗೆ ಸಿಕ್ಕಿರುವ ಜಾಗ ತೀರ ಕಡಿಮೆ.

ಟೈಗರ್‌ನ ಶಿಲ್ಪಿಗಳು ಹಿಡಿದದ್ದು ಬೇರೆ ದಾರಿ. ಮುಂದೆ 100 ಮಿಲಿಮೀಟರ್ ದಪ್ಪದ ಉಕ್ಕು, 88 ಮಿಲಿಮೀಟರ್ ತೋಪು. ಒಳಗಿದ್ದ ಐವರ ಪ್ರಾಣಕ್ಕೆ ಆ ಉಕ್ಕು ನಿಜವಾದ ಕಾವಲು. ಅದನ್ನು ಹುಂಬತನವೆಂದು ತಳ್ಳಿಹಾಕುವುದು ಅನ್ಯಾಯ. ಆದರೆ ಅದರ ಬೆಲೆಯನ್ನು ಗಾಲಿಗಳಲ್ಲಿ ನೋಡಬೇಕು. ಭಾರವನ್ನು ನೆಲದ ಮೇಲೆ ಹರಡಲು ಗಾಲಿಗಳನ್ನು ಒಂದರೊಳಗೊಂದು ಹೆಣೆದಿದ್ದರು. ಒಳಗಿನ ಒಂದು ಗಾಲಿ ಕೆಟ್ಟರೆ ಹೊರಗಿನ ಹಲವನ್ನು ಬಿಚ್ಚಬೇಕು. ರಷ್ಯಾದ ಚಳಿಯಲ್ಲಿ ಅವುಗಳ ಸಂದಿನ ಕೆಸರು ರಾತ್ರಿ ಹೆಪ್ಪುಗಟ್ಟಿದರೆ ಬೆಳಿಗ್ಗೆ ಟ್ಯಾಂಕು ಕದಲದು. ರೈಲಿಗೆ ಹೇರುವಾಗ ಗಾಲಿಗಳನ್ನು ಸುತ್ತುವ 725 ಮಿಲಿಮೀಟರ್ ಅಗಲದ ಪಟ್ಟಿ ತೆಗೆದು 520ರ ಪಟ್ಟಿ ತೊಡಿಸಬೇಕು, ಹೊರಸಾಲಿನ ಗಾಲಿಗಳನ್ನು ಕಳಚಬೇಕು, ಇಳಿಸಿದ ಮೇಲೆ ಮತ್ತೆ ಜೋಡಿಸಬೇಕು. ಸೇತುವೆಗಳು ತಾಳಲಾರವೆಂದು ಮೊದಲ 495 ಟ್ಯಾಂಕುಗಳಿಗೆ ನೀರೊಳಗೆ ನಡೆದುಹೋಗುವ ಸಲಕರಣೆ ಇಟ್ಟಿದ್ದರು. ಕೆಟ್ಟು ನಿಂತ ಒಂದನ್ನು ಎಳೆಯಲು ಸಾಮಾನ್ಯವಾಗಿ 18 ಟನ್ನಿನ ಮೂರು ಎಳೆವಾಹನ ಬೇಕಾಗುತ್ತಿದ್ದವು.

ಅದರ ನಂತರದ ಟೈಗರ್ 2 ಸುಮಾರು 69 ಟನ್ನಿಗೆ ಬೆಳೆಯಿತು, ಎಂಜಿನ್ ಮಾತ್ರ ಅದೇ 700 ಅಶ್ವಶಕ್ತಿಯ ಮೇಬ್ಯಾಕ್. ಇಲ್ಲಿಯೇ ವಿನ್ಯಾಸ ನಿಜಕ್ಕೂ ಎಡವಿತು ಎಂದು ನನ್ನ ಅಭಿಪ್ರಾಯ: ಭಾರ ಏರಿತು, ಹೊರುವ ಶಕ್ತಿ ಏರಲಿಲ್ಲ. 188 ಟನ್ನಿನ ಮೌಸ್ ಎರಡು ಮಾದರಿಗಳಿಗೇ ನಿಂತಿತು.

ಹಗುರವೇ ಮೇಲು ಎಂದು ಇದರಿಂದ ತೀರ್ಮಾನಿಸಲಾಗದು. 1799ರಲ್ಲಿ ಶ್ರೀರಂಗಪಟ್ಟಣದ ಗೋಡೆ ಬಿರಿದದ್ದು ಮುತ್ತಿಗೆ ತೋಪುಗಳಿಂದಲೇ. ಧೋಂಡಿಯಾನ ಕೊನೆಯ ಕಾಳಗ 1800ರ ಸೆಪ್ಟೆಂಬರ್ 10ರಂದು ಕೋಣಗಲ್‌ನಲ್ಲಿ ನಡೆದಾಗ ವೆಲ್ಲೆಸ್ಲಿ ಕಾಲಾಳುಗಳನ್ನೂ ಹಿಂದೆ ಬಿಟ್ಟು ನಾಲ್ಕು ಕುದುರೆ ದಳಗಳೊಂದಿಗೆ ಮೇಲೆ ಬಿದ್ದ. ಅದೇ ವೆಲ್ಲೆಸ್ಲಿಯ ಸೈನ್ಯ 1803ರ ಡಿಸೆಂಬರ್‌ನಲ್ಲಿ ಗಾವಿಲಗಡದ ಎದುರು ದೊಡ್ಡ ತೋಪುಗಳನ್ನು ಬೆಟ್ಟದ ದಾರಿಯಲ್ಲಿ ದಿನಗಟ್ಟಲೆ ಎಳೆದು ತಂದು ಗೋಡೆ ಒಡೆಯಿತು. ಅಲ್ಲಿ ತೂಕ ಬೇಕಿತ್ತು, ತರಿಸಿಕೊಂಡರು. ಡಂಬಳದಲ್ಲಿ ಬೇಡವಾಗಿತ್ತು, ಬಿಟ್ಟು ನಡೆದರು. ಟೈಗರ್‌ನ ಚಾಲಕನಿಗೆ ಅಂಥ ಆಯ್ಕೆ ಒದಗಿದ್ದು ರೈಲು ನಿಲ್ದಾಣದಲ್ಲಿ ಮಾತ್ರ, ಅದೂ ಹೊರಸಾಲಿನ ಗಾಲಿಗಳ ಮಟ್ಟಿಗೆ.